ಬಾಯಿಕಟ್ಟು

ಕಾಗದ ಕಾರ್ಖಾನೆಯ ಸೈರನ್ನು ನಿಂತ ವರ್ಷ
ಅಪ್ಪ ಲೇತನ್ನು ಮನೆಗೆ ತಂದ.
ಹಿತ್ತಲ ಶೆಡ್ಡು, ಒಂದು ವೈಸು, ನಲವತ್ತು ವ್ಯಾಟಿನ ಬಲ್ಬು,
ಗೋಡೆಯ ಮೇಲೆ ಸಂತ ಅಂತೋಣಿ, ಪಕ್ಕದಲ್ಲೇ
ರೈಫಲ್ ಕ್ಲಬ್ಬಿನ ಪರವಾನಗಿಯ ನಕಲು, ಅದಕ್ಕೂ ಗಾಜು ಹಾಕಿಸಿ.

ಭದ್ರಾವತಿಗೆಲ್ಲ ಅವನು ಟರ್ನರ್ ಸವರಿಮುತ್ತು,
ಕ್ಲಬ್ಬಿನವರಿಗೆ ಮೇಸ್ತ್ರಿ.
ಭಾನುವಾರ ಸಂಜೆ ಖಾಲಿ ತೋಟೆಗಳು ಬರುತ್ತಿದ್ದವು
ಬಿಸ್ಕತ್ತಿನ ಡಬ್ಬಿಯಲ್ಲಿ, ಎಣಿಸಿ, ರಿಜಿಸ್ಟರಿಗೆ ಏರಿಸಿ,
ಒಳಗೆಲ್ಲ ಮಸಿ, ಸುಟ್ಟ ಸಾಸಿವೆಯ ವಾಸನೆ.

ಸೀಸ ಬಂದದ್ದು ಹೊಸಮನೆಯ ಮುಚ್ಚಿಹೋದ ಪ್ರೆಸ್ಸಿನಿಂದ.
ಅಚ್ಚುಮೊಳೆ, ಕಿಲೋ ಲೆಕ್ಕ.
ಬಾಣಲೆಯಲ್ಲಿ ಮೊದಲು ಹೋದವು ತೆಳ್ಳನೆ ಒತ್ತುಗಳು,
ಆಮೇಲೆ ಕೊಂಬು, ಗುಡಿಸು,
ಯಾರದೋ ಮದುವೆಯ ಕರೆಯೋಲೆ, ಯಾರದೋ ವೈಕುಂಠ ಸಮಾರಾಧನೆ.
ದಪ್ಪಕ್ಷರದ ಒಂದು ‘ಳ’ ಮಾತ್ರ
ಕೊನೆಯವರೆಗೂ ಮೊಂಡು ಹಿಡಿದಿತ್ತು.
‘ಅಕ್ಷರ ಗಟ್ಟಿ, ಪೈಪಿನ ಸೀಸ ಮೆತ್ತಗೆ.
ಎರಡೂ ಬೇಕು’ ಅಂದ ಅಪ್ಪ, ಕಿಟ್ಟ ತೆಗೆಯುತ್ತ.

ತೋಟೆಯ ಬಾಯಿ ನೆಟ್ಟಗಿದ್ದರೆ
ಕೂರುವಾಗ ಗುಂಡಿನ ಚರ್ಮ ಸುಲಿಯುತ್ತದೆ.
ಅಂಚಿನಲ್ಲೊಂದು ಸೀಸದ ಸುರುಳಿ,
ಚೌತಿಯ ಚಂದ್ರನ ಹಾಗೆ, ಅಂದೆ.
ಚಂದ್ರ ಗಿಂದ್ರ ಬೇಡ, ಅಂದ.
ಅದಕ್ಕೇ ಮೊದಲು ಬಾಯಿ ಬಿಡಿಸಬೇಕು, ತುಸುವೇ.
ಎಷ್ಟು? ಹೂವಿನಷ್ಟಾ?
‘ಆಕಳಿಕೆಗೆ ಮುಂಚೆ ತುಟಿ ಸಡಿಲ ಆಗುತ್ತಲ್ಲ, ಅಷ್ಟು.’

ಹೆಚ್ಚು ಬಿಡಿಸಿದರೆ
ಹಿತ್ತಾಳೆ ಲೆಕ್ಕ ಇಟ್ಟುಕೊಳ್ಳುತ್ತದೆ.
ಏನೂ ಅನ್ನುವುದಿಲ್ಲ, ಏಳೆಂಟು ಸಲ.
ಆಮೇಲೆ ಸೀಳುತ್ತದೆ.

ಗುಂಡು ಕೂತ ಮೇಲೆ ಉಳಿಯುವುದು ಬಾಯಿಕಟ್ಟು.
ಆ ಮಾತು ಅಪ್ಪನದಲ್ಲ, ಕ್ಲಬ್ಬಿನ ಕಾವಲಿನ ತಿರುಕಪ್ಪನದು.
ಅವನ ಅಜ್ಜ ಲಕ್ಕವಳ್ಳಿ ಕಡೆಯ ಕಾಡಲ್ಲಿ ದನ ಕಾಯುವಾಗ
ಚಿರತೆಯ ಬಾಯಿ ಕಟ್ಟುತ್ತಿದ್ದನಂತೆ, ಮಂತ್ರ ಹಾಕಿ;
ಕರುಗಳ ನಡುವೆಯೇ ಹಾದು ಹೋಗುತ್ತಿತ್ತಂತೆ ಅದು
ಬಾಲವನ್ನಷ್ಟೇ ಆಡಿಸುತ್ತ.
ಅಪ್ಪ ನಗಲಿಲ್ಲ. ಮಾರನೇ ದಿನದಿಂದ ಅದೇ ಪದ ಬಳಸಿದ.

‘ಬಿಡಿಸಿದ್ದನ್ನ ವಾಪಸ್ಸು ತಗೊಳ್ಳೋದು, ಅಷ್ಟೇ.
ಗುಂಡಿನ ಸೊಂಟದ ಗೀರಿಗೆ ಅಂಚು ಇಳಿದರೆ ಸಾಕು.
ಇನ್ನೂ ಒತ್ತಿದ್ಯೋ, ಸೀಸದ ಮೇಲೆ ಹಲ್ಲಿನ ಗುರುತು.’

ಹೊಲಿಗೆ ಕ್ಲಾಸು ಬಿಟ್ಟು ನಾನು ಲೀವರು ಎಳೆಯುವುದು
ಅಮ್ಮನಿಗೆ ಸೇರುತ್ತಿರಲಿಲ್ಲ.
ಕ್ರಿಸ್ಮಸ್ಸಿಗೆ ಕರ್ಜಿಕಾಯಿಯ ಅಂಚು ಮಡಿಸಲು ಬರದವಳು
ಇದೊಂದು ಕಲಿತಳು, ಅನ್ನುತ್ತಿದ್ದಳು
ಫಾದರ್ ಎದುರಿಗೂ.

ಈ ಮಾರ್ಚಿನಲ್ಲಿ ಅಪ್ಪನ ಬಾಯಿ ಎಡಕ್ಕೆ ಎಳೆಯಿತು.
ಶಿವಮೊಗ್ಗದ ಮೆಗ್ಗಾನಿನಲ್ಲಿ ಹನ್ನೊಂದು ದಿನ.
ಬಲಗೈ ಹೋಯಿತು, ಮಾತೂ ಹೋಯಿತು.
ನರ್ಸು ಗಂಜಿಯ ಚಮಚ ತುರುಕುತ್ತಿದ್ದಳು, ಚೆಲ್ಲುತ್ತಿತ್ತು.
ಇಲ್ಲಿ ಕೊಡಿ, ಅಂದೆ.
ಎಷ್ಟು ಬಿಡಿಸಬೇಕೆಂದು ನನಗೆ ಗೊತ್ತಿತ್ತು.

ಮೊನ್ನೆ ಜಿಲ್ಲಾ ಪಂದ್ಯಕ್ಕೆ ಐವತ್ತು ಬೇಕಿತ್ತು.
ರಾತ್ರಿ ಒಬ್ಬಳೇ ಕೂತು ತುಂಬಿದೆ.
ಬೆಳಿಗ್ಗೆ ಹಲಗೆಯನ್ನು ಅವನ ತೊಡೆಯ ಮೇಲಿಟ್ಟೆ.
ಒಂದೊಂದನ್ನೇ ಎತ್ತಿಕೊಟ್ಟೆ. ಎಡಗೈ ಹೆಬ್ಬೆರಳ ಉಗುರನ್ನು
ಬಾಯಿಯ ಸುತ್ತ ಆಡಿಸಿದ, ಕಣ್ಣು ಮುಚ್ಚಿ,
ಜಪಸರ ಎಣಿಸುವಷ್ಟು ನಿಧಾನ.

ಮೂವತ್ತೇಳನೆಯದರಲ್ಲಿ ಉಗುರು ನಿಂತಿತು.
ಅದನ್ನು ಬದಿಗಿಟ್ಟ.

ಬಲ್ಬಿನಡಿ ಹಿಡಿದು ತಿರುಗಿಸಿದೆ, ಏನೂ ಇಲ್ಲ.
ಹೊಳೆಯುವ ಹಿತ್ತಾಳೆ, ಸರಿಯಾದ ಕಟ್ಟು, ನನ್ನದೇ ಕೈಕೆಲಸ.
ಏನೂ ಇಲ್ಲಪ್ಪ, ಅಂದೆ.
ಅವನು ನೋಡಲಿಲ್ಲ.

ವಾಚಿನ ಅಂಗಡಿಯ ಹಳೇ ಮಸೂರ ಹುಡುಕಿ ತಂದು
ಕಣ್ಣಿಗೆ ಸಿಕ್ಕಿಸಿಕೊಂಡೆ. ಇತ್ತು.
ಕೂದಲಿನ ಅರ್ಧದಷ್ಟು, ಅಂಚಿನಿಂದ ಕೆಳಗೆ, ಒಂದು ಸೀಳು.

ಇನ್ನೂ ಹದಿಮೂರು ಉಳಿದಿತ್ತು.
ಅವನು ಕೈ ಚಾಚಿಕೊಂಡೇ ಇದ್ದ.